ಚಂದಾಪದ್ಧತಿಯೂ ಆಟದ ಯಂತ್ರಗಳೂ: ಬೆಂಗಳೂರಿನ ಕೈಗೆಲಸದ ಕಡೆಯಿಂದ ಒಂದು ವಿಚಾರ

‘ಚಂದಾ’ ಎಂಬ ಶಬ್ದವು ಪಾರಸಿಯಲ್ಲಿ ಹುಟ್ಟಿ ಹಿಂದೂಸ್ಥಾನಿಯ ಮೂಲಕ ನಮ್ಮ ನುಡಿಗೆ ಬಂದದ್ದು. ಕನ್ನಡದಲ್ಲಿ ಪತ್ರಿಕೆಗಳೂ ಗ್ರಂಥಮಾಲೆಗಳೂ ತಲೆಯೆತ್ತಿದಂದಿನಿಂದ ಈ ಶಬ್ದವು ವಾಚಕರಿಗೆ ಎಷ್ಟು ಪರಿಚಿತವೋ ಪ್ರಕಾಶಕರಿಗೆ ಅಷ್ಟೇ ಚಿಂತೆಗೂ ಕಾರಣವಾದುದು. 1892ರಲ್ಲಿ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ‘ಕರ್ಣಾಟಕ ಕಾವ್ಯಮಂಜರಿ’ಯನ್ನು ಮಾಸಪತ್ರಿಕೆಯಾಗಿ ಹೊರಡಿಸಿ ಹಳಗನ್ನಡ ಕಾವ್ಯಗಳನ್ನು ಬೆಳಕಿಗೆ ತಂದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯೂ ಚಂದಾದಾರರ ಬಲದಿಂದಲೇ ನಡೆದುಬಂದಿತು. ಇಂಥ ಏರ್ಪಾಡಿನಲ್ಲಿ ಚಂದಾದಾರನು ಮುಂಗಡವಾಗಿ ಹಣವನ್ನು ಕೊಟ್ಟು ಪುಸ್ತಕವನ್ನು ಪಡೆಯುತ್ತಾನೆ. ಚಂದಾ ಮುಗಿದರೂ ಪುಸ್ತಕವು ಅವನ ಮನೆಯ ಗೂಡಿನಲ್ಲಿ ಉಳಿಯುತ್ತದೆ, ಮಗನಿಗೂ ಮೊಮ್ಮಗನಿಗೂ ಸಲ್ಲುತ್ತದೆ. ಇದಕ್ಕೆ ಭಿನ್ನವಾದ ಇನ್ನೊಂದು ಚಂದಾ ಉಂಟು. ಬೆಂಗಳೂರಿನ ಬಡಾವಣೆಗಳಲ್ಲಿ ಬಹುಕಾಲ ನಡೆದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಚಂದಾ ಅಂಥದು. ಅಲ್ಲಿ ಹಣವು ಪುಸ್ತಕಕ್ಕಲ್ಲ, ಬಾಗಿಲಿಗೆ. ಚಂದಾ ನಿಂತ ದಿನ ಬಾಗಿಲು ಮುಚ್ಚುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲನೆಯದನ್ನು ಒಡೆತನದ ಚಂದಾ ಎಂದೂ ಎರಡನೆಯದನ್ನು ಪ್ರವೇಶದ ಚಂದಾ ಎಂದೂ ಕರೆದರೆ ಮುಂದಿನ ವಿಚಾರಕ್ಕೆ ಅನುಕೂಲವಾದೀತು.

ಕನ್ಸೋಲ್ ಎಂದು ಕರೆಯುವ ಆಟದ ಯಂತ್ರಗಳನ್ನು ಮಾಡುವ ಮೈಕ್ರೋಸಾಫ್ಟ್, ಸೋನಿ, ನಿಂಟೆಂಡೋ ಸಂಸ್ಥೆಗಳು ಈ ಎರಡನೆಯ ಬಗೆಯ ಚಂದಾವನ್ನು ಹೇಗೆ ಕೈಗೊಂಡವು, ಕೈಗೊಂಡಮೇಲೆ ಅವುಗಳ ವ್ಯಾಪಾರನೀತಿ ಎತ್ತ ತಿರುಗಿತು, ಅದರ ಫಲವು ಬೆಂಗಳೂರಿನಲ್ಲಿ ಕುಳಿತು ಈ ಆಟಗಳಿಗೆ ರೂಪ ಕೊಡುವವರಿಗೆ ಹೇಗೆ ತಟ್ಟಿತು ಎಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದೆ. ಆಟದ ಸಂಗತಿಗೆ ಇಂಥ ಪತ್ರಿಕೆಯಲ್ಲಿ ಸ್ಥಳವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ‘ಕೌತುಕನಿಧಿ’ಯನ್ನು ಆಟಗಳಿಗೇ ಮೀಸಲಿಟ್ಟಿದ್ದಾರೆಂಬುದನ್ನು ನೆನೆದರೆ ಆ ಆಕ್ಷೇಪಕ್ಕೆ ಬಲವಿರಲಾರದು.

ಮೊದಲು ಸ್ಥಳದ ಮಾತು. ಇಂದು ಬೆಂಗಳೂರಿನ ಹೊರವಲಯವೆಂದರೆ ಜನರ ನಾಲಗೆಗೆ ಬರುವ ಹೆಸರುಗಳು ಮೂರು. 1882ರಲ್ಲಿ ಡಿ. ಎಸ್. ವೈಟ್ ಎಂಬವರ ಪ್ರಯತ್ನದಿಂದ, ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ, ಆಂಗ್ಲೋ-ಇಂಡಿಯನ್ ಸಮಾಜದವರ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ಒಂದು. ಅಲ್ಲಿ 1990ರ ದಶಕದಲ್ಲಿ ಸಿಂಗಪುರದ ಸಹಯೋಗದಿಂದ ದೊಡ್ಡ ಟೆಕ್‌ಪಾರ್ಕು ಎದ್ದಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಸುಮಾರು 332 ಎಕರೆ ನೆಲದಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ಸ್ ಸಿಟಿ ಇನ್ನೊಂದು. ತುಮಕೂರು ರಸ್ತೆಯ ಪೀಣ್ಯ ಮೂರನೆಯದು. ಈ ಮೂರರಲ್ಲಿ ಪೀಣ್ಯಕ್ಕೂ ಆಟದ ಯಂತ್ರಕ್ಕೂ ಏನು ಸಂಬಂಧವೆಂದು ಕೇಳುವವರು ಅಲ್ಲಿಯ ಸಣ್ಣ ಕಾರ್ಖಾನೆಯೊಂದರ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಲ್ಲಿ ‘ಜಾಬ್‌ವರ್ಕ್’ ಎಂಬುದು ದಿನಬಳಕೆಯ ಮಾತು. ದೊಡ್ಡ ಕಾರ್ಖಾನೆಯವರು ನಕ್ಷೆಯನ್ನೂ ಎಷ್ಟೋ ಸಲ ಕಚ್ಚಾಮಾಲನ್ನೂ ಕಳುಹಿಸುತ್ತಾರೆ. ಇವರು ಲೇತಿನ ಮೇಲೆ ಬಿಡಿಭಾಗವನ್ನು ಕಡೆದು, ಅಳತೆ ಸರಿಹೋದರೆ, ನಗಕ್ಕೆ ಇಷ್ಟೆಂದು ಕೂಲಿಯನ್ನು ಪಡೆಯುತ್ತಾರೆ. ಆ ಭಾಗವು ಸೇರಿದ ಯಂತ್ರವು ಯಾವ ಊರಿನಲ್ಲಿ ಎಷ್ಟಕ್ಕೆ ಮಾರಿತು, ಮಾರದೆ ಉಳಿಯಿತು ಎಂಬ ಲೆಕ್ಕವು ಇವರ ಪುಸ್ತಕಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಹೊರದೇಶದ ಆಟಗಳಿಗಾಗಿ ನಡೆದ ಕೆಲಸದ ಬಹುಭಾಗವು, ಗಾಜಿನ ಕಟ್ಟಡದೊಳಗೆ ಕಂಪ್ಯೂಟರಿನ ಮುಂದೆ ನಡೆದುದಾದರೂ, ಸ್ವಭಾವದಲ್ಲಿ ಪೀಣ್ಯದ ಈ ಜಾಬ್‌ವರ್ಕೇ ಆಗಿರುವುದೆಂದು ನಮ್ಮ ಅಭಿಪ್ರಾಯ.

ಈ ಕೆಲಸದ ಚರಿತ್ರೆಯಲ್ಲಿ ಮೊದಲು ಹೇಳತಕ್ಕ ಹೆಸರು ಧ್ರುವ ಇಂಟರಾಕ್ಟಿವ್. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಯನ್ನು ಭಾರತದ ಅತ್ಯಂತ ಹಳೆಯ ಆಟದ ಕಾರ್ಯಾಲಯವೆಂದು ಎಣಿಸುವುದು ವಾಡಿಕೆ. ಆರಂಭದಲ್ಲಿಯೇ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯಿಂದ ‘ಮಿಷನ್: ಇಂಪಾಸಿಬಲ್’ ಆಟದ ಕಂಪ್ಯೂಟರ್ ರೂಪದ ಕೆಲಸವು ಇವರಿಗೆ ದೊರೆಯಿತು. ಥಾಮಸ್ ಫ್ರೀಡ್‌ಮನ್ ಎಂಬ ಅಮೆರಿಕದ ಪತ್ರಕರ್ತನು ಜಗತ್ತು ಚಪ್ಪಟೆಯಾಯಿತೆಂದು ಸಾರಿದ 2005ರ ತನ್ನ ಗ್ರಂಥದಲ್ಲಿ ಧ್ರುವದ ಉದಾಹರಣೆಯನ್ನು ಕೊಟ್ಟಿದ್ದಾನೆ. ಅನಂತರದ ವರ್ಷಗಳಲ್ಲಿ ಈ ಸಂಸ್ಥೆಯ ಕಲಾವಿದರು ಮೈಕ್ರೋಸಾಫ್ಟಿನ ‘ಫೋರ್ಜಾ’ ಮಾಲೆಯ ಓಟದ ಆಟಗಳಿಗೆ ಕಾರುಗಳ ಮಾದರಿಗಳನ್ನು ರಚಿಸಿದರು. ‘ಫೋರ್ಜಾ ಹೊರೈಜನ್ 4’, ‘ಸೀ ಆಫ್ ಥೀವ್ಸ್’, ಸೋನಿಯವರ ‘ಡೇಸ್ ಗಾನ್’ ಮೊದಲಾದವುಗಳಲ್ಲಿ ಕೈಗೂಡಿಸಿದರು. ಈ ಮೂರು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಚಂದಾಪದ್ಧತಿಯ ಚರಿತ್ರೆಯ ಮುಖ್ಯ ತಿರುವುಗಳಲ್ಲಿ ಇವೇ ಮತ್ತೆ ಮತ್ತೆ ಎದುರಾಗುತ್ತವೆ.

ಇನ್ನು ಯಂತ್ರಗಳ ವ್ಯಾಪಾರದ ಹಳೆಯ ಕ್ರಮವನ್ನು ತಿಳಿಯತಕ್ಕದ್ದು. ಯಂತ್ರವನ್ನು ನಷ್ಟಕ್ಕಾದರೂ ಮಾರಿ ಆಟಗಳ ಮೂಲಕ ಲಾಭವನ್ನು ಗಳಿಸುವುದೇ ಈ ಉದ್ಯಮದ ಪರಂಪರೆ. ತಾನು ಮಾರುವ ಆಟಗಳಲ್ಲಿ ಪೂರ್ಣಲಾಭವೂ, ಇತರರು ಆ ಯಂತ್ರಕ್ಕಾಗಿ ಮಾಡಿದ ಆಟಗಳಲ್ಲಿ ಒಂದು ಪಾಲೂ ಯಂತ್ರ ಮಾಡಿದವನಿಗೆ ಸಲ್ಲುತ್ತಿತ್ತು. 2021ರ ಮೇ ತಿಂಗಳಲ್ಲಿ ಎಪಿಕ್ ಮತ್ತು ಆ್ಯಪಲ್ ಸಂಸ್ಥೆಗಳ ನಡುವೆ ಕ್ಯಾಲಿಫೋರ್ನಿಯದಲ್ಲಿ ನಡೆದ ವ್ಯಾಜ್ಯದಲ್ಲಿ ಮೈಕ್ರೋಸಾಫ್ಟಿನ ಅಧಿಕಾರಿಣಿ ಲೋರಿ ರೈಟ್ ಸಾಕ್ಷ್ಯ ನುಡಿದು, ಎಕ್ಸ್‌ಬಾಕ್ಸ್ ಯಂತ್ರವನ್ನು ತಮ್ಮ ಸಂಸ್ಥೆಯು ಎಂದೂ ಲಾಭಕ್ಕೆ ಮಾರಿಲ್ಲವೆಂದು ಒಪ್ಪಿಕೊಂಡರು. ಈ ಕ್ರಮದಲ್ಲಿ ಯಂತ್ರವೇ ಕೋಟೆ. ಕೋಟೆಯೊಳಗೆ ಬಂದವನು ಅಲ್ಲಿಯ ಸಂತೆಯಲ್ಲಿಯೇ ಕೊಳ್ಳಬೇಕು. ಆದುದರಿಂದ ಒಂದು ಯಂತ್ರದಲ್ಲಿ ಮಾತ್ರ ದೊರೆಯುವ ಆಟಗಳಿಗೆ ಹಿಂದೆ ಅಷ್ಟು ಬೆಲೆಯಿತ್ತು.

ಈ ಸಂತೆಯು ನಮ್ಮ ದೇಶದಲ್ಲಿ ಸರಿಯಾಗಿ ಕೂಡಿದ್ದೇ ಇಲ್ಲ. ಎಕ್ಸ್‌ಬಾಕ್ಸ್ 360 ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದುದು 2006ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲೂ ಅನಂತರವೂ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಹೊರದೇಶದಿಂದ ತಂದ ಯಂತ್ರಗಳೂ, ಮೂಲದ ಬೆಲೆಯ ಒಂದು ಸಣ್ಣ ಅಂಶಕ್ಕೆ ದೊರೆಯುವ ನಕಲು ಡಿಸ್ಕುಗಳೂ ಮಾರುತ್ತಿದ್ದುದನ್ನು ಬೆಂಗಳೂರಿನ ಒಂದು ತಲೆಮಾರು ಬಲ್ಲದು. ಯಂತ್ರವನ್ನು ನಷ್ಟಕ್ಕೆ ಮಾರಿದವನಿಗೆ ನಕಲು ಡಿಸ್ಕೆಂದರೆ ನಷ್ಟದ ಮೇಲೆ ನಷ್ಟ. 2020ರ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರಕ್ಕೂ 2021ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದ ಪ್ಲೇಸ್ಟೇಷನ್ 5ಕ್ಕೂ 49,990 ರೂಪಾಯಿ ಬೆಲೆಯನ್ನು ಕಟ್ಟಲಾಯಿತು. ಸೋನಿಯವರ ಹೊಸ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ. ಅದೇ ಕಾಲದಲ್ಲಿ ಮೈಕ್ರೋಸಾಫ್ಟಿನ ‘ಗೇಮ್ ಪಾಸ್ ಅಲ್ಟಿಮೇಟ್’ ಎಂಬ ಚಂದಾ ತಿಂಗಳಿಗೆ 699 ರೂಪಾಯಿ. ಒಂದು ಆಟದ ಬೆಲೆಗೆ ಏಳು ತಿಂಗಳು ನೂರಾರು ಆಟಗಳ ಬಾಗಿಲು ತೆರೆದಿರುತ್ತಿತ್ತು. ಲೆಕ್ಕ ತಿಳಿದ ಗೃಹಸ್ಥನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ.

ಆದರೆ ಈ ಚಂದಾ ಹೊಸದಾಗಿ ಹುಟ್ಟಿದ್ದೆಂದು ತಿಳಿಯುವುದು ತಪ್ಪು. ಅಮೆರಿಕದಲ್ಲಿ 1981ರಲ್ಲಿಯೇ ಇಂಟೆಲಿವಿಷನ್ ಯಂತ್ರಕ್ಕಾಗಿ ‘ಪ್ಲೇಕೇಬಲ್’ ಎಂಬ ಸೇವೆಯು ಟೆಲಿವಿಷನ್ ಕೇಬಲಿನ ಮೂಲಕ ಆಟಗಳನ್ನು ಮನೆಗೆ ಕಳುಹಿಸಿತ್ತು. 1994ರ ಕೊನೆಯಲ್ಲಿ ಸೇಗಾ ಸಂಸ್ಥೆಯು ‘ಸೇಗಾ ಚಾನೆಲ್’ ಅನ್ನು ಆರಂಭಿಸಿ ತಿಂಗಳಿಗೆ ಸುಮಾರು 15 ಡಾಲರಿನ ಚಂದಾಕ್ಕೆ 50ರ ವರೆಗೆ ಆಟಗಳನ್ನು ಒದಗಿಸಿತು, 1998ರಲ್ಲಿ ನಿಲ್ಲಿಸಿತು. ಜಪಾನಿನಲ್ಲಿ ನಿಂಟೆಂಡೋ 1995ರ ಏಪ್ರಿಲಿನಿಂದ ‘ಸ್ಯಾಟೆಲ್ಲಾವ್ಯೂ’ ಮೂಲಕ ಉಪಗ್ರಹದಿಂದ ಆಟಗಳನ್ನು ಬಿತ್ತರಿಸಿತು. ಬೆಂಗಳೂರಿನ ಮನೆಗಳು ಕೇಬಲಿನವನಿಗೆ ತಿಂಗಳ ಬಾಡಿಗೆಯನ್ನು ಕೊಡಲು ಕಲಿತುಕೊಂಡ ಕಾಲವೂ ಸರಿಸುಮಾರು ಇದೇ ಎಂಬುದು ಸ್ವಾರಸ್ಯವಾದ ಸಂಗತಿ. ಸೇಗಾ ಚಾನೆಲಿನಲ್ಲಿ ಇಳಿಸಿಕೊಂಡ ಆಟವು ಯಂತ್ರವನ್ನು ಆರಿಸಿದೊಡನೆ ಅಳಿದುಹೋಗುತ್ತಿತ್ತು. ಪ್ರವೇಶದ ಚಂದಾದ ಗುಣವು ಅಷ್ಟು ಹಿಂದೆಯೇ ಇಷ್ಟು ನಿರ್ದಾಕ್ಷಿಣ್ಯವಾಗಿ ಪ್ರಕಟವಾಗಿತ್ತು. ಆದರೆ ಆ ಕಾಲದಲ್ಲಿ ಇವು ಯಂತ್ರದ ಮಾರಾಟಕ್ಕೆ ಊರುಗೋಲುಗಳಾಗಿದ್ದವೇ ಹೊರತು ವ್ಯಾಪಾರದ ಬೆನ್ನೆಲುಬಾಗಿರಲಿಲ್ಲ.

ಬೆನ್ನೆಲುಬಾಗುವ ದಾರಿ ನಿಧಾನವಾದುದು. 2002ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ‘ಎಕ್ಸ್‌ಬಾಕ್ಸ್ ಲೈವ್’ ಅನ್ನು ವರ್ಷಕ್ಕೆ ಸುಮಾರು 50 ಡಾಲರಿಗೆ ತೆರೆದಾಗ ಚಂದಾದಾರನಿಗೆ ದೊರೆತುದು ಆಟವಲ್ಲ, ದೂರದ ಆಟಗಾರರ ಸಂಗ. ಸೋನಿಯವರು 2010ರ ಜೂನಿನಲ್ಲಿ ‘ಪ್ಲೇಸ್ಟೇಷನ್ ಪ್ಲಸ್’ ಅನ್ನು ತಂದು ಚಂದಾ ಇರುವವರೆಗೆ ಆಡಬಹುದಾದ ಕೆಲವು ಆಟಗಳನ್ನು ತಿಂಗಳು ತಿಂಗಳು ಕೊಡತೊಡಗಿದರು; 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಬಹುಮಟ್ಟಿಗೆ ದೂರದವರೊಡನೆ ಆಡಲು ಈ ಚಂದಾ ಅವಶ್ಯವೆಂದು ವಿಧಿಸಿದರು. 2014ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ತನ್ನದೇ ಆಟಗಳ ಚಂದಾಕಪಾಟನ್ನು ಎಕ್ಸ್‌ಬಾಕ್ಸಿನಲ್ಲಿ ಇರಿಸಿತು; ಸೋನಿ ಅದನ್ನು ತನ್ನ ಯಂತ್ರಕ್ಕೆ ಸೇರಿಸಲು ಆಗ ನಿರಾಕರಿಸಿತು. 2017ರ ಜೂನ್ 1ರಂದು ನೂರಕ್ಕೆ ಮೇಲ್ಪಟ್ಟ ಆಟಗಳೊಡನೆ, ತಿಂಗಳಿಗೆ 9.99 ಡಾಲರಿಗೆ, ಮೈಕ್ರೋಸಾಫ್ಟಿನ ‘ಗೇಮ್ ಪಾಸ್’ ಆರಂಭವಾಯಿತು. ಅವು ಬಹುತೇಕ ಹಳೆಯ ಆಟಗಳು; ಸರ್ಕ್ಯುಲೇಟಿಂಗ್ ಲೈಬ್ರರಿಯ ಹಳೆಯ ಕಾದಂಬರಿಗಳಂತೆ, ಅಂಗಡಿಯಲ್ಲಿ ಮಾರಿ ಮುಗಿದವು.

ನಿಜವಾದ ತಿರುವು ಬಂದುದು 2018ರಲ್ಲಿ. ಆ ವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್, ಇನ್ನು ಮುಂದೆ ತನ್ನ ಸ್ವಂತ ಆಟಗಳೆಲ್ಲ ಅಂಗಡಿಗೆ ಬರುವ ದಿನವೇ ಚಂದಾದಾರರಿಗೂ ದೊರೆಯುವುವೆಂದು ಪ್ರಕಟಿಸಿತು. ಮಾರ್ಚ್ 20ರಂದು ಆ ಮಾತಿನಂತೆ ಮೊದಲು ಬಂದ ಆಟವೇ ‘ಸೀ ಆಫ್ ಥೀವ್ಸ್’. ಕಡಲುಗಳ್ಳರ ಹಡಗುಗಳ ಈ ಆಟವನ್ನು ಮಾಡಿದವರು ಇಂಗ್ಲೆಂಡಿನ ರೇರ್ ಸಂಸ್ಥೆಯವರು. ಅದರ ಕಲಾಕೆಲಸದಲ್ಲಿ ಸಮುದ್ರವಿಲ್ಲದ ಬೆಂಗಳೂರಿನ ಧ್ರುವದವರ ಪಾಲೂ ಇದ್ದಿತು. ಅಂಗಡಿಯಲ್ಲಿ 60 ಡಾಲರು ತೆರಬೇಕಾದ ವಸ್ತುವನ್ನು 10 ಡಾಲರಿಗೆ ಒಂದು ತಿಂಗಳು ಆಡಬಹುದಾಯಿತು. ತನ್ನ ಸರಕನ್ನು ತಾನೇ ಅಗ್ಗಮಾಡುವ ಈ ನಡೆಯು ಹಳೆಯ ಕ್ರಮದವರಿಗೆ ಹುಚ್ಚೆಂದೇ ತೋರಿತು. ಆದರೆ ಲೆಕ್ಕದ ಘಟಕವೇ ಬದಲಾಗಿದ್ದಿತೆಂಬುದನ್ನು ಗಮನಿಸಬೇಕು. ಹಿಂದೆ ಎಣಿಸುತ್ತಿದ್ದುದು ಮಾರಿದ ಯಂತ್ರವನ್ನು ಮತ್ತು ಮಾರಿದ ಪ್ರತಿಯನ್ನು. ಈಗ ಎಣಿಸುವುದು ಉಳಿದುಕೊಂಡ ಚಂದಾದಾರನನ್ನು. ಉಳಿದುಕೊಳ್ಳಬೇಕಾದರೆ ಒಂದು ಸಲ ಆಡಿ ಮುಗಿಸುವ ಆಟಕ್ಕಿಂತ ತಿಂಗಳುಗಟ್ಟಲೆ ಮರಳಿ ಬರಿಸುವ ಆಟ ಬೇಕು. ‘ಸೀ ಆಫ್ ಥೀವ್ಸ್’ ಮೊದಲ ದಿನಗಳಲ್ಲಿ ವಿಮರ್ಶಕರಿಗೆ ಬರಿದೆನಿಸಿದರೂ ಕಾಲಕಾಲಕ್ಕೆ ಹೊಸ ಭಾಗಗಳನ್ನು ಪಡೆದು ಬೆಳೆಯಿತು. 2021ರ ಅಕ್ಟೋಬರಿನ ಹೊತ್ತಿಗೆ 2.5 ಕೋಟಿ ಜನರು ಅದನ್ನು ಆಡಿದ್ದರೆಂದು ಪ್ರಕಟವಾಯಿತು. ಚಂದಾವು ವ್ಯಾಪಾರವನ್ನು ಮಾತ್ರವಲ್ಲ, ಕೃತಿಯ ಆಕಾರವನ್ನೂ ತಿದ್ದಿತೆಂಬುದಕ್ಕೆ ಇದೊಂದು ನಿದರ್ಶನ. ಮಾಸಪತ್ರಿಕೆಗಾಗಿ ಬರೆದ ಕಾದಂಬರಿಯು ಅಧ್ಯಾಯದ ಕೊನೆಯಲ್ಲಿ ಕುತೂಹಲವನ್ನು ಉಳಿಸಿಕೊಳ್ಳುವುದನ್ನು ಬಲ್ಲ ಸಾಹಿತ್ಯದ ಅಧ್ಯಾಪಕರಿಗೆ ಇದು ಆಶ್ಚರ್ಯವೆನಿಸಲಾರದು.

ಕಪಾಟನ್ನು ತುಂಬಿಡಬೇಕಾದವನು ಬರೆಯುವವರನ್ನೇ ಮನೆಯಲ್ಲಿಟ್ಟುಕೊಳ್ಳಲು ಹವಣಿಸುತ್ತಾನೆ. ಮೈಕ್ರೋಸಾಫ್ಟ್ 2020ರ ಸೆಪ್ಟೆಂಬರಿನಲ್ಲಿ ಬೆಥೆಸ್ಡಾದ ಒಡೆಯರಾದ ಜೆನಿಮ್ಯಾಕ್ಸ್ ಸಂಸ್ಥೆಯನ್ನು 750 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2022ರ ಜನವರಿ 18ರಂದು, ಗೇಮ್ ಪಾಸಿಗೆ 2.5 ಕೋಟಿ ಚಂದಾದಾರರಿದ್ದಾರೆಂದು ಸಾರಿದ ದಿನವೇ, ಆಕ್ಟಿವಿಷನ್ ಬ್ಲಿಝಾರ್ಡನ್ನು 6,870 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವನ್ನು ಹೊರಗೆಡಹಿತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಯಂತ್ರವಿಲ್ಲದೆ ದೂರದಿಂದ ಆಡಿಸುವ ಕ್ಲೌಡ್ ಸೇವೆಯ ಮೇಲಿನ ಹಿಡಿತವನ್ನು ಮುಂದುಮಾಡಿ 2023ರ ಏಪ್ರಿಲಿನಲ್ಲಿ ಇದನ್ನು ತಡೆಯಿತು. ಕ್ಲೌಡ್ ಹಕ್ಕುಗಳನ್ನು ಯೂಬಿಸಾಫ್ಟಿಗೆ ಬಿಟ್ಟುಕೊಟ್ಟ ಬಳಿಕ ಅಕ್ಟೋಬರ್ 13ರಂದು ವ್ಯವಹಾರವು ಮುಗಿಯಿತು. ಈ ವಿಚಾರಣೆಯಿಂದ ಚರಿತ್ರಕಾರನಿಗೆ ಒಂದು ಉಪಕಾರವಾಯಿತು. ಆಟವೊಂದನ್ನು ಗೇಮ್ ಪಾಸಿಗೆ ಸೇರಿಸಿದಮೇಲಿನ ಹನ್ನೆರಡು ತಿಂಗಳಲ್ಲಿ ಅದರ ಬಿಡಿಮಾರಾಟವು ಇಳಿಯುತ್ತದೆಂದು ತನ್ನ ಒಳಗಿನ ಪರಿಶೀಲನೆಯೇ ತೋರಿಸುವುದಾಗಿ ಮೈಕ್ರೋಸಾಫ್ಟ್ ಆ ಪ್ರಾಧಿಕಾರಕ್ಕೆ ಅರಿಕೆಮಾಡಿಕೊಂಡಿತ್ತು. ಚಂದಾವು ಮಾರಾಟವನ್ನು ತಿನ್ನುವುದೇ ಇಲ್ಲವೆಂಬ ಪಕ್ಷವು ಇದರ ಮುಂದೆ ನಿಲ್ಲಲಾರದು.

ಚಂದಾದಾರರ ಸಂಖ್ಯೆಗಳನ್ನು ಉಪಯೋಗಿಸುವವರಿಗೆ ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಸಂಖ್ಯೆ 3.4 ಕೋಟಿ. ಆದರೆ 2023ರ ಸೆಪ್ಟೆಂಬರಿನಲ್ಲಿ ಹಳೆಯ ‘ಲೈವ್ ಗೋಲ್ಡ್’ ಚಂದಾದಾರರನ್ನು ‘ಗೇಮ್ ಪಾಸ್ ಕೋರ್’ ಎಂಬ ಹೊಸ ಹೆಸರಿನ ಕೆಳಗೆ ತರಲಾಗಿತ್ತು. ಆ ಸಂಖ್ಯೆಯಲ್ಲಿ ಇವರೂ ಸೇರಿದ್ದಾರೆ. ಶಾಸನದಲ್ಲಿ ಊರಿನ ಹೆಸರು ಬದಲಾದುದನ್ನು ನೋಡದೆ ಗಡಿಯು ಬೆಳೆಯಿತೆಂದು ಬರೆದರೆ ಎಂಥ ತಪ್ಪೋ, ಎರಡು ಸಂಖ್ಯೆಗಳನ್ನು ಹಾಗೆಯೇ ಹೋಲಿಸಿ 90 ಲಕ್ಷ ಹೊಸಬರು ಬಂದರೆಂದು ಹೇಳುವುದೂ ಅಂಥ ತಪ್ಪೇ.

ಸೋನಿಯ ನೀತಿಯು ಬೇರೆ. 2022ರ ಮಾರ್ಚಿನ ಕೊನೆಗೆ ಪ್ಲಸ್ ಸೇವೆಗೆ 4.74 ಕೋಟಿ ಚಂದಾದಾರರಿದ್ದರೂ, ತನ್ನ ದೊಡ್ಡ ಆಟಗಳನ್ನು ಮೊದಲ ದಿನವೇ ಚಂದಾಕ್ಕೆ ಕೊಟ್ಟರೆ ಅವುಗಳ ಮೇಲೆ ಹೂಡುವ ಬಂಡವಾಳವು ಹಿಂದಿರುಗಲಾರದೆಂದು ಆಗಿನ ಮುಖ್ಯಾಧಿಕಾರಿ ಜಿಮ್ ರಯಾನ್ ಅದೇ ವರ್ಷ ಸ್ಪಷ್ಟಪಡಿಸಿದರು. ಮೊದಲು ಮಾರಾಟ, ಮಾರಾಟವು ಸೊರಗಿದಮೇಲೆ ಚಂದಾ ಎಂಬುದು ಅವರ ಕ್ರಮ. ‘ಡೇಸ್ ಗಾನ್’ ಆಟದ ಗತಿಯನ್ನು ನೋಡಿದರೆ ಇದು ತಿಳಿಯುತ್ತದೆ. 2019ರ ಏಪ್ರಿಲಿನಲ್ಲಿ ಅದು ಅಂಗಡಿಗೆ ಬಂದಿತು. 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಕೊಂಡ ಚಂದಾದಾರರಿಗೆ ಕೊಟ್ಟ ಆಟಗಳ ಗೊಂಚಲಿನಲ್ಲಿ ಸೇರಿತು. 2021ರ ಏಪ್ರಿಲಿನಲ್ಲಿ ಎಲ್ಲ ಪ್ಲಸ್ ಚಂದಾದಾರರ ಆ ತಿಂಗಳ ಆಟವಾಯಿತು. ಎರಡೇ ವರ್ಷಗಳಲ್ಲಿ ಮಾರುವ ವಸ್ತುವು ಕರೆಯುವ ವಸ್ತುವಾಯಿತೆಂದು ಹೇಳಬಹುದು. ಹೀಗೆ ಬೆಂಗಳೂರಿನ ಒಂದೇ ಕಾರ್ಯಾಲಯದ ಕೈಗೆಲಸವು ಪರಸ್ಪರ ಸ್ಪರ್ಧಿಗಳಾದ ಎರಡು ಚಂದಾಗಳಿಗೂ ಜನರನ್ನು ಕರೆತಂದಿತು. ಎರಡು ಕಡೆಯೂ ಆ ಕೆಲಸಕ್ಕೆ ದೊರೆತುದು ಒಪ್ಪಂದದ ಕೂಲಿ. ನಿಂಟೆಂಡೋ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. 2018ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 20 ಡಾಲರಿನ ಸೇವೆಯನ್ನು ತೆರೆದು ಅದರೊಡನೆ ತನ್ನ ಹಳೆಯ ಯಂತ್ರಗಳ ಆಟಗಳನ್ನು ಕೊಟ್ಟಿತು. ಹೊಸ ಆಟಗಳ ಬೆಲೆಯನ್ನು ಮುಟ್ಟಲೇ ಇಲ್ಲ.

ಇಷ್ಟರಲ್ಲಿ ಬೆಂಗಳೂರಿನಲ್ಲಿ ನಡೆದುದೇನು? 2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು ಧ್ರುವದ ನೂರಕ್ಕೆ 90ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಎರಡು ವರ್ಷ ಕಳೆಯುವುದರೊಳಗೆ, ತನ್ನ ದೊಡ್ಡ ಆಟವೊಂದು ಸೋತುದರಿಂದ, ಸ್ಟಾರ್‌ಬ್ರೀಜ್ ಸಾಲಗಾರರಿಂದ ರಕ್ಷಣೆಯನ್ನು ಬೇಡುವ ಸ್ಥಿತಿಗೆ ಬಂದಿತು. 2019ರ ಮೇ ತಿಂಗಳಲ್ಲಿ ಧ್ರುವವು ಸುಮಾರು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಗಿ, ಅದು 2016ರಿಂದ ಬೆಂಗಳೂರಿನಲ್ಲಿ ನಡೆಸುತ್ತಿದ್ದ ರಾಕ್‌ಸ್ಟಾರ್ ಇಂಡಿಯಾದೊಡನೆ ಬೆರೆಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಕಟ್ಟಿದ ಸಂಸ್ಥೆಯು ಮೂರು ವರ್ಷದೊಳಗೆ ಎರಡು ಕೈ ಬದಲಾಯಿಸಿತು. ಮೇಲೆ ಹೇಳಿದ ಆರು ಸಾವಿರ ಕೋಟಿ ಡಾಲರುಗಳ ಪಕ್ಕದಲ್ಲಿ ಈ 79 ಲಕ್ಷವನ್ನು ಇಟ್ಟು ನೋಡಿದರೆ ಹೆಸರುಳ್ಳ ಆಟದ ಒಡೆತನಕ್ಕೂ ಆಟವನ್ನು ಕಡೆಯುವ ಕೈಗೂ ಮಾರುಕಟ್ಟೆಯು ಕಟ್ಟುವ ಬೆಲೆಗಳ ಅಂತರವು ತಿಳಿಯುತ್ತದೆ. ಬಂಡವಾಳಗಾರರು ಇದನ್ನು ಸಹಜವೆನ್ನುವರು, ಇರಬಹುದು.

ಈ ಹಸ್ತಾಂತರದಲ್ಲಿ ಒಂದು ವಿಪರ್ಯಾಸವೂ ಅಡಗಿದೆ. ರಾಕ್‌ಸ್ಟಾರಿನ ಮಾತೃಸಂಸ್ಥೆಯಾದ ಟೇಕ್-ಟೂವಿನ ಮುಖ್ಯಸ್ಥ ಸ್ಟ್ರಾಸ್ ಝೆಲ್ನಿಕ್ ಅವರು, ಹೊಸ ದೊಡ್ಡ ಆಟವನ್ನು ಮೊದಲ ದಿನವೇ ಚಂದಾಕ್ಕೆ ಒಪ್ಪಿಸುವುದು ಅರ್ಥವಿಲ್ಲದ ವ್ಯಾಪಾರವೆಂದು ಮತ್ತೆ ಮತ್ತೆ ಹೇಳಿದವರು. ಮೊದಲ ದಿನದ ಚಂದಾ ಆಟಕ್ಕೆ ಕೈಕೊಟ್ಟ ಬೆಂಗಳೂರಿನ ಕಲಾವಿದರು, ಒಂದೇ ವರ್ಷದ ಬಳಿಕ, ಅದಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ವಿರೋಧವನ್ನು ಸೂಚಿಸಿದ ಮನೆಯನ್ನು ಸೇರಿದರು. ರಾಕ್‌ಸ್ಟಾರಿನವರು ತಮ್ಮ ಹಳೆಯ ಆಟಗಳನ್ನು ಮಾತ್ರ, ಅದೂ ಕೆಲವು ತಿಂಗಳ ಮಟ್ಟಿಗೆ, ಗೇಮ್ ಪಾಸಿಗೆ ಕೊಟ್ಟು ಹಿಂತೆಗೆದುಕೊಳ್ಳುತ್ತ ಬಂದರು. ‘ರೆಡ್ ಡೆಡ್ ರಿಡೆಂಪ್ಷನ್ 2’ 2020ರ ಮೇ ತಿಂಗಳಲ್ಲಿ ಸೇರಿ ಸೆಪ್ಟೆಂಬರಿನಲ್ಲಿ ಹೊರಟಿತು. ‘ಗ್ರ್ಯಾಂಡ್ ಥೆಫ್ಟ್ ಆಟೋ 5’ 2021ರ ಏಪ್ರಿಲಿನಲ್ಲಿ ಬಂದು ಆಗಸ್ಟಿನಲ್ಲಿ ಹೋಯಿತು. ಬೇಡಿಕೆಯುಳ್ಳ ಕೃತಿಯ ಒಡೆಯನು ಚಂದಾಕ್ಕೆ ತನ್ನ ಷರತ್ತನ್ನು ವಿಧಿಸಬಲ್ಲನು. ಬಿಡಿಭಾಗವನ್ನು ಕಡೆಯುವವನಿಗೆ ಆ ಶಕ್ತಿ ಇಲ್ಲ.

ಭಾರತದ ಚಂದಾದ ದರಗಳು ಈ ನೀತಿಯ ಏರಿಳಿತವನ್ನು ಕನ್ನಡಿಯಂತೆ ತೋರಿಸುತ್ತವೆ. ಗೇಮ್ ಪಾಸ್ ಅಲ್ಟಿಮೇಟಿನ 699 ರೂಪಾಯಿಯನ್ನು 2022ರಲ್ಲಿ 499ಕ್ಕೆ ಇಳಿಸಲಾಯಿತು. ಆಗ ಬೇಕಾಗಿದ್ದುದು ಸಂಖ್ಯೆ. ಫೋನಿನಲ್ಲಿ ಹಣ ಕೊಡದೆ ಆಡಲು ಕಲಿತ ಜನರನ್ನು ಒಳಕ್ಕೆ ಕರೆಯಬೇಕಾಗಿತ್ತು. 2023ರಲ್ಲಿ ಅದು 549 ಆಯಿತು, 2024ರಲ್ಲಿ 829, 2025ರ ಅಕ್ಟೋಬರಿನಲ್ಲಿ 1,389. ಅಮೆರಿಕದಲ್ಲಿಯೂ ಅದೇ ದಿನ 19.99 ಡಾಲರಿನಿಂದ 29.99ಕ್ಕೆ ಏರಿತು. ಮೂರೂವರೆ ವರ್ಷಗಳೊಳಗೆ ನಮ್ಮಲ್ಲಿ ಎರಡೂಮುಕ್ಕಾಲು ಪಟ್ಟಿನಷ್ಟಾದ ಈ ಏರಿಕೆಗೆ ರೂಪಾಯಿಯ ಇಳಿಕೆಯೊಂದೇ ಕಾರಣವಾಗಲಾರದು. 2024ರ ಅಕ್ಟೋಬರಿನಲ್ಲಿ ‘ಕಾಲ್ ಆಫ್ ಡ್ಯೂಟಿ’ ಮಾಲೆಯ ಹೊಸ ಆಟವು ಮೊದಲ ದಿನವೇ ಚಂದಾಕ್ಕೆ ಬಂದಿತು. ಹಿಂದೆ ಪ್ರತಿವರ್ಷ ಲಕ್ಷಾಂತರ ಪ್ರತಿಗಳು ಮಾರುತ್ತಿದ್ದ ಆ ಸರಕಿನ ಮಾರಾಟದ ಭಾಗವನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕಾಗಿತ್ತು. 2025ರ ಜೂನಿಗೆ ಮುಗಿದ ವರ್ಷದಲ್ಲಿ ಗೇಮ್ ಪಾಸಿನ ಆದಾಯವು ಸುಮಾರು 500 ಕೋಟಿ ಡಾಲರಿಗೆ ಮುಟ್ಟಿತೆಂದು ಸಂಸ್ಥೆಯು ಹೇಳಿದೆ. ಆದರೂ 2024ರ ಜನವರಿಯಲ್ಲಿ ಅದರ ಆಟಗಳ ವಿಭಾಗದಿಂದ 1,900 ಮಂದಿಯನ್ನು ತೆಗೆಯಲಾಯಿತು. ಮೇ ತಿಂಗಳಲ್ಲಿ, ಗೇಮ್ ಪಾಸಿಗೆ ಮೊದಲ ದಿನದ ಆಟಗಳನ್ನು ಕೊಟ್ಟ ಆರ್ಕೇನ್ ಆಸ್ಟಿನ್, ಟ್ಯಾಂಗೋ ಗೇಮ್‌ವರ್ಕ್ಸ್ ಕಾರ್ಯಾಲಯಗಳನ್ನು ಮುಚ್ಚುವುದಾಗಿ ಪ್ರಕಟಿಸಲಾಯಿತು.

ಕೆಲಸದವರ ವಿಷಯದಲ್ಲಿ ಬೆಂಗಳೂರಿನ ದೊಡ್ಡ ಹೊಡೆತವು ಬೇರೆ ಕಡೆಯಿಂದ ಬಂದಿತು. ವೈಟ್‌ಫೀಲ್ಡಿನ ಟೆಕ್‌ಪಾರ್ಕಿನಲ್ಲಿ ಬಹುಕಾಲ ಚಲನಚಿತ್ರ, ಆನಿಮೇಷನ್, ಆಟಗಳ ಕಲಾಕೆಲಸವನ್ನು ನಡೆಸಿದ ಟೆಕ್ನಿಕಲರ್ ಸಂಸ್ಥೆಯು 2025ರ ಫೆಬ್ರವರಿಯಲ್ಲಿ, ಫ್ರಾನ್ಸಿನ ಮೂಲಸಂಸ್ಥೆಯು ದಿವಾಳಿಯಂಚಿಗೆ ಬಂದುದರಿಂದ, ನಿಂತುಹೋಗಿ ಸಾವಿರಾರು ಮಂದಿ ಒಮ್ಮೆಗೇ ಕೆಲಸವನ್ನು ಕಳೆದುಕೊಂಡರು. ಇದಕ್ಕೂ ಆಟದ ಚಂದಾಕ್ಕೂ ನೇರ ಸಂಬಂಧವನ್ನು ಕಲ್ಪಿಸುವುದು ಯುಕ್ತವಲ್ಲ. ಆದರೆ ಸ್ವೀಡನ್ನಿನಲ್ಲಿ ಸೋತ ಆಟವೂ ಪ್ಯಾರಿಸಿನಲ್ಲಿ ಬೆಳೆದ ಸಾಲವೂ ಬೆಂಗಳೂರಿನ ಮೇಜುಗಳ ಮೇಲೆ ಒಂದೇ ಬಗೆಯಲ್ಲಿ ಬಂದು ಬೀಳುತ್ತವೆಂಬುದು ನಿಜ.

ಇನ್ನು ಯಂತ್ರದ ಗತಿ. ಚಂದಾದಾರನೇ ಮುಖ್ಯನಾದಮೇಲೆ ಯಂತ್ರವು ಕೋಟೆಯಾಗಿ ಉಳಿಯಬೇಕಾದ ಅವಶ್ಯವೇನು? ಮೈಕ್ರೋಸಾಫ್ಟ್ 2024ರ ಫೆಬ್ರವರಿಯಲ್ಲಿ ತನ್ನ ನಾಲ್ಕು ಆಟಗಳನ್ನು ಎದುರಾಳಿಗಳ ಯಂತ್ರಗಳಿಗೆ ಕೊಡುವ ನಿರ್ಧಾರವನ್ನು ಪ್ರಕಟಿಸಿತು. ಅವುಗಳಲ್ಲಿ ಒಂದು ‘ಸೀ ಆಫ್ ಥೀವ್ಸ್’. ಗೇಮ್ ಪಾಸಿನ ಮೊದಲ ದಿನದ ಮೊದಲ ಆಟವಾಗಿದ್ದ ಅದು 2024ರ ಏಪ್ರಿಲ್ 30ರಂದು ಸೋನಿಯ ಪ್ಲೇಸ್ಟೇಷನ್ 5ರಲ್ಲಿ ಬಿಡಿಪ್ರತಿಯಾಗಿ, ಹಳೆಯ ಕ್ರಮದಂತೆ ಬೆಲೆ ಕಟ್ಟಿಸಿಕೊಂಡು ಮಾರಾಟಕ್ಕೆ ನಿಂತಿತು. ಚಂದಾಕ್ಕಾಗಿ ಅಗ್ಗವಾದ ಸರಕನ್ನು ಎದುರಾಳಿಯ ಅಂಗಡಿಯಲ್ಲಿ ಪೂರ್ಣ ಬೆಲೆಗೆ ಮಾರಿ ಲೆಕ್ಕವನ್ನು ಸರಿದೂಗಿಸುವ ಈ ನೀತಿಯನ್ನು 2017ರಲ್ಲಿ ಯಾರೂ ಊಹಿಸಿರಲಾರರು. 2025ರ ಏಪ್ರಿಲಿನಲ್ಲಿ ‘ಫೋರ್ಜಾ ಹೊರೈಜನ್ 5’ ಅದೇ ದಾರಿಯನ್ನು ಹಿಡಿಯಿತು.

ಅದರ ಹಿಂದಿನದಾದ ‘ಫೋರ್ಜಾ ಹೊರೈಜನ್ 4’ಕ್ಕೆ ಆ ಭಾಗ್ಯವಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಹೊರಬಂದ ದಿನವೇ ಚಂದಾದಾರರಿಗೆ ದೊರೆತ ಈ ಆಟದಲ್ಲಿ ನೂರಾರು ನಿಜವಾದ ಕಾರುಗಳ ಪ್ರತಿರೂಪಗಳಿದ್ದವು. ಅವುಗಳ ತಯಾರಕರಿಂದಲೂ ಹಾಡುಗಳ ಒಡೆಯರಿಂದಲೂ ಪಡೆದ ಪರವಾನಗಿಗಳಿಗೆ ಅವಧಿಯಿತ್ತು. ಆ ಕಾರಣದಿಂದ 2024ರ ಡಿಸೆಂಬರ್ 15ರಂದು ಅದನ್ನು ಅಂಗಡಿಯಿಂದಲೂ ಗೇಮ್ ಪಾಸಿನಿಂದಲೂ ತೆಗೆಯಲಾಯಿತು. ಹಣ ಕೊಟ್ಟು ಪ್ರತಿಯನ್ನು ಕೊಂಡವರು ಈಗಲೂ ಆಡಬಲ್ಲರು. ಚಂದಾದಾರರಿಗೆ ಆ ಬಾಗಿಲು ಮುಚ್ಚಿದೆ. ‘ಕಾವ್ಯಮಂಜರಿ’ಯ ಸಂಚಿಕೆಗಳು ಇಂದಿಗೂ ಹಳೆಯ ಮನೆಗಳ ಅಟ್ಟದಲ್ಲಿ ದೊರೆಯುತ್ತವೆ, ಒಡೆತನದ ಚಂದಾ ಅವನ್ನು ಅಲ್ಲಿ ಇರಿಸಿತು. ಬೆಂಗಳೂರಿನ ಕಲಾವಿದನೊಬ್ಬನು ತಿಂಗಳುಗಟ್ಟಲೆ ಕುಳಿತು ರೂಪಿಸಿದ ಕಾರಿನ ಮೈಯನ್ನು ತನ್ನ ಮಗಳಿಗೆ ತೋರಿಸಬೇಕೆಂದರೆ, ಆರು ವರ್ಷದ ಹಿಂದೆ ಆ ಆಟದ ಡಿಸ್ಕನ್ನು ಕೊಂಡು ಇಟ್ಟುಕೊಂಡ ಮನೆಯೊಂದನ್ನು ಅವನು ಈಗ ಹುಡುಕಬೇಕು.